ನಕಲು ಹುಟ್ಟುವುದು ಟಿಪ್ಪಣಿ ವಹಿಯಲ್ಲಿ

ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಗಳು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಮೇಜಿನ ಮೇಲೆ ಬಂದು ಬೀಳುವುದು ಕೊನೆಯ ಹದಿನೈದು ದಿನಗಳಲ್ಲಿ. ಆಗ ಮಾರ್ಗದರ್ಶಕರು ಕೆಂಪು ಪೆನ್ನು ಹಿಡಿದು ಅಲ್ಪಪ್ರಾಣ, ಮಹಾಪ್ರಾಣ ತಿದ್ದುತ್ತ ಕೂಡುತ್ತಾರೆ. ಕಾಗುಣಿತ ಸರಿಯಾಗುತ್ತದೆ, ಬರಹ ಇದ್ದಲ್ಲೇ ಇರುತ್ತದೆ. ಏಕೆಂದರೆ ಕೆಲಸ ಕೆಟ್ಟಿರುವುದು ಎರಡು ಮೂರು ತಿಂಗಳ ಹಿಂದೆ, ಗ್ರಂಥಾಲಯದಲ್ಲಿ.

ಅಲ್ಲಿ ಆಗುವುದು ಇಷ್ಟೇ. ವಿದ್ಯಾರ್ಥಿನಿ ಪುಸ್ತಕ ತೆರೆದು, ಒಳ್ಳೆಯದೆನಿಸಿದ ಸಾಲುಗಳನ್ನು ಇದ್ದಂತೆಯೇ ವಹಿಗೆ ಇಳಿಸಿಕೊಳ್ಳುತ್ತಾಳೆ. ಉದ್ಧರಣ ಚಿಹ್ನೆ ಇಲ್ಲ, ಪುಟಸಂಖ್ಯೆ ಇಲ್ಲ. ಎಂಟು ವಾರ ಕಳೆದು ಅದೇ ವಹಿ ಮುಂದಿಟ್ಟುಕೊಂಡು ಅಧ್ಯಾಯ ಬರೆಯಲು ಕೂತರೆ ಯಾವುದು ಲೇಖಕರ ಮಾತು, ಯಾವುದು ತನ್ನದು ಎಂದು ಅವಳಿಗೇ ತಿಳಿಯುವುದಿಲ್ಲ. ಅಕ್ಷರವಂತೂ ಎಲ್ಲ ಅವಳದೇ. ನಮಗೆ ಸಿಗುವ ನಕಲಿನಲ್ಲಿ ಬಹುಪಾಲು ಈ ಜಾತಿಯದು. ಇದಕ್ಕೆ ನೈತಿಕತೆಯ ಉಪನ್ಯಾಸ ಕೊಟ್ಟು ಉಪಯೋಗವಿಲ್ಲ, ವಹಿ ಇಡುವುದನ್ನು ಕಲಿಸಬೇಕು.

ಎಡಪುಟ ಪುಸ್ತಕಕ್ಕೆ, ಬಲಪುಟ ತನಗೆ. ಎಡಪುಟದ ತಲೆಯಲ್ಲಿ ಲೇಖಕರು, ಶೀರ್ಷಿಕೆ, ಪ್ರಕಾಶಕರು, ಊರು, ವರ್ಷ, ಎಷ್ಟನೆಯ ಮುದ್ರಣ ಎಂಬುದನ್ನು ಮೊದಲೇ ಬರೆದುಬಿಡಬೇಕು. ಕೆಳಗೆ ಪ್ರತಿ ಟಿಪ್ಪಣಿಯ ಅಂಚಿಗೆ ಪುಟಸಂಖ್ಯೆ, ಇದ್ದಂತೆ ತೆಗೆದುಕೊಂಡ ಸಾಲಿಗೆ ಎರಡೂ ಬದಿ ಚಿಹ್ನೆ. ಆಮೇಲೆ ಪುಸ್ತಕ ಮುಚ್ಚಿ, ಐದು ನಿಮಿಷ ಬಿಟ್ಟು, ಬಲಪುಟದಲ್ಲಿ ಎರಡು ಮೂರು ಸಾಲು. ಪುಸ್ತಕ ಮುಚ್ಚುವುದೇ ಇಲ್ಲಿ ಮುಖ್ಯ. ತೆರೆದಿಟ್ಟುಕೊಂಡು ‘ಸ್ವಂತ ವಾಕ್ಯದಲ್ಲಿ’ ಬರೆದರೆ ‘ಪ್ರಮುಖ’ ಹೋಗಿ ‘ಮುಖ್ಯ’ ಬರುತ್ತದೆ, ‘ರಚಿಸಿದನು’ ಹೋಗಿ ‘ಬರೆದನು’ ಬರುತ್ತದೆ, ವಾಕ್ಯದ ಕಟ್ಟು ಲೇಖಕರದೇ ಉಳಿಯುತ್ತದೆ. ಅದೂ ನಕಲೇ. ಈಗ ಫೋನಿನಲ್ಲಿ ಪುಟದ ಫೋಟೊ ಹೊಡೆದುಕೊಳ್ಳುವವರೇ ಹೆಚ್ಚು. ಹೊಡೆಯಲಿ, ಆದರೆ ಮೊದಲ ಫೋಟೊ ಶೀರ್ಷಿಕೆ ಪುಟ ಮತ್ತು ಅದರ ಬೆನ್ನಿನದು, ಮುಂದಿನ ಪ್ರತಿ ಫೋಟೊದಲ್ಲೂ ಪುಟಸಂಖ್ಯೆ ಕಾಣಬೇಕು. ಪುಟಸಂಖ್ಯೆ ಕತ್ತರಿಸಿಹೋದ ನಲವತ್ತು ಫೋಟೊ ಇದ್ದೂ ಇಲ್ಲದ ಹಾಗೆ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಕಲಿನ ಬಗ್ಗೆ 2018ರಲ್ಲಿ ತಂದ ನಿಯಮ ವಿದ್ಯಾರ್ಥಿಗಳಿಗೆ ಅರ್ಧಂಬರ್ಧ ಗೊತ್ತಿರುತ್ತದೆ. ಬೇರೆಯವರ ಬರಹದೊಡನೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳ ಮೀರದ ಗಡುವಿನಲ್ಲಿ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆಕರ ಕೊಟ್ಟು ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ, 14 ಶಬ್ದಗಳವರೆಗಿನ ಸಾಮಾನ್ಯ ಹೋಲಿಕೆ ಲೆಕ್ಕಕ್ಕಿಲ್ಲ. ಇದನ್ನು ಕೇಳಿದ ಕೆಲವರು ಪ್ರತಿ ಹದಿನೈದನೇ ಶಬ್ದ ಬದಲಿಸಲು ಕೂಡುತ್ತಾರೆ. ಅಷ್ಟು ಹೊತ್ತಿನಲ್ಲಿ ಆ ಪ್ಯಾರಾವನ್ನು ತಾವೇ ಬರೆದು ಮುಗಿಸಬಹುದಿತ್ತು.

ಆಕರದ ಮೇಲೆ ಮಾತು ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಒಂದು ಪ್ಯಾರಾ ಬಿಚ್ಚಿ ನೋಡೋಣ. ಇತಿಹಾಸದ ಕಿರುಪ್ರಬಂಧಗಳಲ್ಲಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ಬರುತ್ತದೆ: ‘ಐಹೊಳೆ ಶಾಸನವು ಅತ್ಯಂತ ಮಹತ್ವದ್ದಾಗಿದೆ. ಇದನ್ನು ರವಿಕೀರ್ತಿ ರಚಿಸಿದನು. ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದನು. ಶಾಸನದ ಕಾಲ ಕ್ರಿ.ಶ. 556.’ ನಾಲ್ಕು ವಾಕ್ಯ, ಒಂದಕ್ಕೊಂದು ಸಂಬಂಧವಿಲ್ಲ. ಕೊನೆಯ ವಾಕ್ಯದ 556 ಕ್ರಿಸ್ತವರ್ಷವಲ್ಲ, ಶಕವರ್ಷ; 78 ಕೂಡಿಸಿದರೆ ಕ್ರಿ.ಶ. 634. ಶಕವರ್ಷ ಚೈತ್ರಕ್ಕೆ ಶುರುವಾಗಿ ಮುಂದಿನ ಕ್ರಿಸ್ತವರ್ಷಕ್ಕೆ ಚಾಚುವುದರಿಂದ 634–35 ಎಂದು ಬರೆಯುವುದು ರೂಢಿ. ಮೂರನೆಯ ವಾಕ್ಯದ ತೊಂದರೆ ಇನ್ನೂ ದೊಡ್ಡದು. ಹರ್ಷ ಸೋತ ಎಂದು ಇಲ್ಲಿ ಹೇಳುವವನು ಪುಲಕೇಶಿಯ ಆಸ್ಥಾನದ ಕವಿ, ಅದೂ ಹರ್ಷನ ಹರ್ಷ ಉಡುಗಿತೆಂದು ಶ್ಲೇಷೆ ಮಾಡುತ್ತ. ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡವನೂ ಅವನೇ. ಹಾಗಾಗಿ ‘ರವಿಕೀರ್ತಿ ಹೇಳುವಂತೆ’ ಎಂಬ ಎರಡು ಶಬ್ದ ಸೇರಬೇಕು, ಅದು ಪ್ರಶಸ್ತಿ, ಅಂದರೆ ರಾಜನನ್ನು ಹೊಗಳುವ ಕಾವ್ಯ, ಎಂದು ಓದುಗರಿಗೆ ತಿಳಿಯಬೇಕು. ‘ಅತ್ಯಂತ ಮಹತ್ವದ್ದು’ ತೆಗೆದು ಯಾವುದಕ್ಕೆ ಮಹತ್ವದ್ದು ಎಂದು ಬರೆಯಬೇಕು.

ತಿದ್ದಿದ ಮೇಲೆ ಹೀಗಾಗುತ್ತದೆ: ‘ಪುಲಕೇಶಿ–ಹರ್ಷರ ಯುದ್ಧದ ಬಗ್ಗೆ ಚಾಲುಕ್ಯರ ಕಡೆಯ ಮುಖ್ಯ ಆಕರ ಐಹೊಳೆಯ ಮೇಗುತಿ ಜಿನಾಲಯದ ಶಾಸನ (ಶಕ 556, ಕ್ರಿ.ಶ. 634–35). ಹರ್ಷ ಸೋತನೆಂದು ಹೇಳುವ ರವಿಕೀರ್ತಿ ಪುಲಕೇಶಿಯ ಆಶ್ರಿತ ಕವಿ. ಆದ್ದರಿಂದ ಈ ಮಾತನ್ನು ಬೇರೆ ಆಕರಗಳೊಡನೆ ಇಟ್ಟು ನೋಡಬೇಕಾಗುತ್ತದೆ.’ ಹೊಸ ಮಾಹಿತಿ ಹೆಚ್ಚೇನೂ ಸೇರಿಲ್ಲ. ಮೊದಲ ವಾಕ್ಯ ಒಂದು ಮಾತು ಇಟ್ಟಿತು, ಎರಡನೆಯದು ಅದನ್ನು ತೂಗಿತು, ಮೂರನೆಯದು ಮುಂದಿನ ಪ್ಯಾರಾಕ್ಕೆ ಕೆಲಸ ಕೊಟ್ಟಿತು.

ಇನ್ನು ಅಡಿಟಿಪ್ಪಣಿ. ವಿದ್ವಾಂಸ ಕೀಲ್‌ಹಾರ್ನ್ ಈ ಐಹೊಳೆ ಶಾಸನವನ್ನು ಸಂಪಾದಿಸಿದ್ದು ಶಾಸನಗಳನ್ನು ಪ್ರಕಟಿಸುವ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ. ವಿದ್ಯಾರ್ಥಿ ಓದಿರುವುದು ಯಾವುದೋ ಪಠ್ಯಪುಸ್ತಕ, ಅಡಿಟಿಪ್ಪಣಿಯಲ್ಲಿ ಮಾತ್ರ ಆ ಸಂಪುಟ ಬಂದಿರುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಮೊದಲು ಸಿಕ್ಕಿಬೀಳುವುದು ಇಲ್ಲೇ. ಓದಿದ ಪುಸ್ತಕದ ಹೆಸರು ಕೊಟ್ಟು ‘ಇದರಲ್ಲಿ ಉದ್ಧೃತ’ ಎಂದು ಬರೆದರೆ ಯಾವ ಅವಮಾನವೂ ಇಲ್ಲ. ಇಂಗ್ಲಿಷ್ ಪುಟವನ್ನು ಯಂತ್ರದಿಂದ ಅನುವಾದಿಸಿ ಅಂಟಿಸಿದ್ದನ್ನು ಹಿಡಿಯಲು ತಂತ್ರಾಂಶವೇ ಬೇಕಿಲ್ಲ: ಬಾದಾಮಿಯ ಪಕ್ಕದ ಹುಡುಗ ‘ಐಹೋಲ್’, ‘ಪುಲಕೇಶಿನ್’ ಎಂದು ಬರೆದಿದ್ದರೆ ಮತ್ತೇನು ಕೇಳುವುದು?

ಭಾಷೆ ಬಿಗಿದುಕೊಂಡಾಗ ಬಾಯಿಂದ ಹೇಳಿಸುವುದು ಕೆಲಸ ಮಾಡುತ್ತದೆ. ‘ಪುನರ್ವಸತಿಯ ಸಾಮಾಜಿಕ, ಆರ್ಥಿಕ ಪರಿಣಾಮಗಳ ಬಹುಆಯಾಮದ ವಿಶ್ಲೇಷಣೆಯನ್ನು ಕೈಗೊಳ್ಳಲಾಗಿದೆ’ ಎಂದು ಹಾಳೆಯಲ್ಲಿದೆ ಅನ್ನಿ. ಹಾಳೆ ತಿರುವಿಹಾಕಿ ಕೇಳಬೇಕು:

‘ತಂಗಿ, ನೀ ಏನ್ ನೋಡಾಕ್ಹತ್ತೀ, ಅದನ್ನಷ್ಟ ಹೇಳು.’

‘ಆಲಮಟ್ಟಿ ಹಿನ್ನೀರ್ ಬಂದ ಮ್ಯಾಲ ಹಳೇ ಬಾಗಲಕೋಟ್ಯಾಗಿನ ಅಂಗಡಿಕಾರ್ರು ನವನಗರಕ್ಕ ಹೋದ್ರಲ್ರೀ ಸರ್, ಅವರಿಗೆ ಹಳೇ ಗಿರಾಕಿ ಉಳದಾರೋ ಇಲ್ಲೋ ಅಂತ ನೋಡಾಕ್ಹತ್ತೀನ್ರೀ.’

ಪ್ರಶ್ನೆ ಇದೇ. ಶೀರ್ಷಿಕೆ, ಮೊದಲ ಅಧ್ಯಾಯ, ಪ್ರಶ್ನಾವಳಿ ಎಲ್ಲ ಇದರಿಂದಲೇ ಹೊರಡಬೇಕು. ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಅದನ್ನು ಕೇಳುತ್ತ ಗ್ರಾಂಥಿಕ ಕನ್ನಡಕ್ಕೆ ತರಲು ಹೇಳಿದರೆ ‘ಕೈಗೊಳ್ಳಲಾಗಿದೆ’, ‘ಮಾಡಲ್ಪಟ್ಟಿದೆ’ ತಾವಾಗಿ ಉದುರುತ್ತವೆ. ಮನೆಮಾತಿನ ಬಗ್ಗೆ ನಾಚಿಕೆಪಡಿಸಿದರೆ ಮಾತ್ರ ಈ ಉಪಾಯ ಕೆಟ್ಟಿತು.

ಕ್ಷೇತ್ರಕಾರ್ಯದ ಕೋಷ್ಟಕಗಳದ್ದು ಬೇರೆ ಕಥೆ. ಇಳಕಲ್ಲಿನಲ್ಲಿ 40 ನೇಕಾರರನ್ನು ಕೇಳಿ ‘ಶೇ. 62.50’ ಎಂದು ಬರೆದಿರುತ್ತಾರೆ. ಅದು 25 ಜನ. ಒಬ್ಬರು ಉತ್ತರ ಬದಲಿಸಿದರೆ ಶೇ. 2.5 ಅಲುಗುವಲ್ಲಿ ಎರಡು ದಶಮಾಂಶಕ್ಕೆ ಅರ್ಥವಿಲ್ಲ. ‘40ರಲ್ಲಿ 25 ಮಂದಿ’ ಎಂದರೆ ಸಾಕು. ಕೋಷ್ಟಕದ ಕೆಳಗೆ ‘ಮೇಲಿನ ಕೋಷ್ಟಕದಿಂದ ತಿಳಿದುಬರುವುದೇನೆಂದರೆ’ ಎಂದು ಅವೇ ಅಂಕಿಗಳನ್ನು ಮತ್ತೆ ಓದಿಹೇಳುವುದು ಪುಟ ತುಂಬಿಸುವ ಕೆಲಸ. ಉಳಿದ 15 ಮಂದಿ ಯಾರು, ಕೈಮಗ್ಗದವರೋ ವಿದ್ಯುತ್ ಮಗ್ಗದವರೋ, ಸ್ವಂತ ಮಗ್ಗವೋ ಕೂಲಿಯೋ, ಅದನ್ನು ಬರೆಯಲಿ.

ಕರಡಿನ ಮೇಲೆ ನಾವು ಬರೆಯುವ ಟಿಪ್ಪಣಿ ಒಂದು ಸುತ್ತಿನಲ್ಲಿ ಮೂರನ್ನು ದಾಟಬಾರದು. ಮೊದಲ ಸುತ್ತು ಪ್ರಶ್ನೆ ಮತ್ತು ಅಧ್ಯಾಯಗಳ ಕ್ರಮಕ್ಕೆ, ಎರಡನೆಯದು ಪ್ಯಾರಾ ಮತ್ತು ಆಕರಕ್ಕೆ, ಕಾಗುಣಿತ ಕೊನೆಗೆ. ಬಿದ್ದುಹೋಗಲಿರುವ ಪ್ಯಾರಾದ ಒತ್ತಕ್ಷರ ತಿದ್ದಿ ಇಬ್ಬರ ಸಮಯವೂ ಹಾಳು.

ಸಲ್ಲಿಸುವ ಮುನ್ನ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ವಿಷಯ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪ್ರಬಂಧ ಕಣ್ಣಿಗೆ ಕನ್ನಡ, ಗಣಕಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹೋಲಿಕೆ ಪರೀಕ್ಷೆಯ ವರದಿಗೆ ಆಗ ಬೆಲೆಯಿಲ್ಲ, ಗ್ರಂಥಸೂಚಿಯನ್ನು ಅಕಾರಾದಿಗೆ ಜೋಡಿಸಲು ಹೋದರೆ ಕ್ರಮ ಎಲ್ಲೆಲ್ಲೋ ಹೋಗುತ್ತದೆ. ಡಿಟಿಪಿ ಅಂಗಡಿಗೆ ಕೊಡುವಾಗಲೇ ಯೂನಿಕೋಡ್ ಎಂದು ಹೇಳಬೇಕು. ಆಗಲೇ ಟೈಪ್ ಆಗಿದ್ದರೆ ಪರಿವರ್ತಿಸಿ, ಒಂದು ಪ್ರತಿ ಮುದ್ರಿಸಿಕೊಂಡು, ಅರ್ಕಾವತ್ತು, ವ್ಯಕ್ತಿಗಳ ಹೆಸರು ಮತ್ತು ಇಸವಿಗಳನ್ನು ವಹಿಯ ಎಡಪುಟದೊಂದಿಗೆ ಬೆರಳಿಟ್ಟು ತಾಳೆ ನೋಡಬೇಕು.