ಗೋಡೆ ಯಾರದು ಅಂತ ಮೊದಲು ಕೇಳಿ

ಗೋಡೆಚಿತ್ರ ನನ್ನ ಕಸುಬು. ದಾವಣಗೆರೆಯ ದೃಶ್ಯಕಲಾ ಕಾಲೇಜು ಮುಗಿಸಿ ಬರುವ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವುದು ಒಂದೇ: ಪಾಲಿಕೆಯವರು ಕಲಾವಿದರಿಂದ ಅರ್ಜಿ ಯಾವಾಗ ಕರೀತಾರೆ?

‘ಕಲೆ’ ಅಂತ ಹೆಸರಿಟ್ಟು ಕರೆಯುವುದನ್ನೇ ಕಾಯುತ್ತಾ ಕೂತರೆ ವರ್ಷ ಸುಮ್ನೆ ಹೋಗುತ್ತದೆ. ಚಿತ್ರ ಬರೆಸುವ ದುಡ್ಡು ನಮ್ಮ ಸ್ಥಳೀಯ ಸಂಸ್ಥೆಗಳಲ್ಲಿ ಬೇರೆ ಹೆಸರಿನಲ್ಲಿ ಇರುತ್ತದೆ. ಸ್ವಚ್ಛ ಭಾರತ ಯೋಜನೆಯಲ್ಲಿ ಜನರಿಗೆ ತಿಳಿವಳಿಕೆ ಕೊಡಲು ಐಇಸಿ ಅಂತ ಒಂದು ಭಾಗವಿದೆ. ಕಸ ಬೇರ್ಪಡಿಸಿ ಎನ್ನುವ ಗೋಡೆಚಿತ್ರಗಳು ಬರುವುದು ಅದರಿಂದಲೇ. ಊರುಗಳ ಸ್ವಚ್ಛತೆಗೆ ಅಂಕ ಕೊಡುವ ಸ್ವಚ್ಛ ಸರ್ವೇಕ್ಷಣೆ ಹತ್ತಿರವಾದಾಗ ಈ ಕೆಲಸ ಜಾಸ್ತಿ. ಪಾರ್ಕ್ ಅಭಿವೃದ್ಧಿ, ಶಾಲೆ, ಅಂಗನವಾಡಿ ದುರಸ್ತಿಯ ಅಂದಾಜು ಪಟ್ಟಿಯೊಳಗೂ ಬಣ್ಣದ ಕೆಲಸ ಅಡಗಿರುತ್ತದೆ. ಹಾಗಾಗಿ ಪಾಲಿಕೆಗೆ ಹೋದರೆ ಆರೋಗ್ಯ ಶಾಖೆ, ಪರಿಸರ ಇಂಜಿನಿಯರ್, ಎಂಜಿನಿಯರಿಂಗ್ ಶಾಖೆ ಮೂರೂ ಕಡೆ ವಿಚಾರಿಸಿ.

ಅದಕ್ಕೂ ಮೊದಲು ಗೋಡೆ ಯಾರದು ಅಂತ ತಿಳಿಯಬೇಕು. ಊರಿನ ಗೋಡೆಯೆಲ್ಲ ಪಾಲಿಕೆಯದ್ದಲ್ಲ. ರೈಲ್ವೆ ಕಾಂಪೌಂಡ್ ಆದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ಒಪ್ಪಿಗೆ ಬೇಕು. ರಾಷ್ಟ್ರೀಯ ಹೆದ್ದಾರಿ ಸೇತುವೆಯ ಕಂಬಕ್ಕೆ ಹೆದ್ದಾರಿ ಪ್ರಾಧಿಕಾರದ್ದು. ಚಿತ್ರದುರ್ಗದ ಕೋಟೆಯಂತೂ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದೆ. ಅದರ ಕಲ್ಲಿಗೆ ಕುಂಚ ತಾಗಿಸುವುದೇ ಅಪರಾಧ, ತಾಗಿಸಲೂಬಾರದು. ಅಲ್ಲಿ ನಗರಸಭೆಯ ಗೋಡೆಗಳನ್ನು ನೋಡಿ.

ಇನ್ನು ಅರ್ಜಿ. ಕಲಾವಿದರು ಬರೆಯುವ ಅರ್ಜಿಯಲ್ಲಿ ಕನಸು ಜಾಸ್ತಿ, ಅಳತೆ ಕಡಿಮೆ. ಓದುವವರು ಎಂಜಿನಿಯರ್, ಅಲ್ವಾ? ಅವರ ಹತ್ತಿರ ಸರ್ಕಾರಿ ದರಪಟ್ಟಿ ಇರುತ್ತದೆ. ಅದರಲ್ಲಿ ಗೋಡೆಗೆ ಬಣ್ಣ ಬಳಿಯಲು ದರವಿದೆ, ಚಿತ್ರ ಬರೆಯುವುದು ಅದಕ್ಕಿಂತ ಬೇರೆ ಕೆಲಸ. ಆ ಅಂತರವನ್ನು ನೀವೇ ತುಂಬಿ ಕೊಡಬೇಕು. ಗೋಡೆ 40 ಅಡಿ ಉದ್ದ, 10 ಅಡಿ ಎತ್ತರ ಇದ್ದರೆ 400 ಚದರ ಅಡಿ ಅಂತ ಬರೆಯಿರಿ. ಗೋಡೆ ತಿಕ್ಕುವುದು, ಪ್ರೈಮರ್, ಹೊರಗೋಡೆಯ ಅಕ್ರಿಲಿಕ್ ಬಣ್ಣ, ಅಟ್ಟಣಿಗೆ, ಚಿತ್ರದ ಕೂಲಿ ಎಲ್ಲಕ್ಕೂ ಬೇರೆ ಬೇರೆ ದರ ಹಾಕಿ. ಗೋಡೆಯ ಈಗಿನ ಫೋಟೋ, ಅದೇ ಫೋಟೋದ ಮೇಲೆ ನಿಮ್ಮ ಕರಡು ಚಿತ್ರ, ಹಳೆಯ ಕೆಲಸದ ಎರಡು ಮೂರು ಫೋಟೋ ಇಟ್ಟರೆ ಸಾಕು. ಕಡತ ಮೇಲಕ್ಕೆ ಹೋದಾಗ ನಿಮ್ಮ ಪರವಾಗಿ ಮಾತಾಡುವುದು ಆ ಹಾಳೆಗಳೇ.

ಚಿತ್ರದ ವಿಷಯದಲ್ಲೂ ಸ್ವಲ್ಪ ಯೋಚಿಸಿ. ದುರ್ಗ ಅಂದ ಕೂಡಲೇ ಎಲ್ಲರೂ ಒನಕೆ ಓಬವ್ವನನ್ನು ಕೇಳುತ್ತಾರೆ. ಬರೆಯೋಣ, ಓಬವ್ವ ನಮ್ಮ ಹೆಮ್ಮೆ. ಆದರೆ ಮೊಳಕಾಲ್ಮೂರಿನ ರೇಷ್ಮೆ ಮಗ್ಗ, ಚಳ್ಳಕೆರೆಯ ಕಂಬಳಿ ನೇಯುವವರು, ದಾವಣಗೆರೆಯ ಹತ್ತಿ ಗಿರಣಿಯ ಕೆಲಸಗಾರರು ಗೋಡೆ ಮೇಲೆ ಬಂದದ್ದು ತೀರ ಕಡಿಮೆ. ನಾನು ಪ್ರತಿ ಅರ್ಜಿಯಲ್ಲೂ ಕಚೇರಿಯವರು ಕೇಳಿದ ಕರಡಿನ ಜೊತೆ ಇಂಥದ್ದೊಂದನ್ನು ಸೇರಿಸಿಯೇ ಕೊಡುತ್ತೇನೆ.

ಅರ್ಜಿಯನ್ನು ಅಧಿಕಾರಿಯ ಕೈಯಲ್ಲಿ ಕೊಟ್ಟು ಬರಬೇಡಿ. ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಳ್ಳಿ. ಆಮೇಲೆ ಕೇಳುವಾಗ ಆ ನಂಬರ್ ಹೇಳಿದರೆ ಮಾತ್ರ ಕಡತ ಸಿಗುತ್ತದೆ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಕಾರ್ಯಾದೇಶ ಕೈಗೆ ಬರುವ ತನಕ ಬಣ್ಣದ ಡಬ್ಬಿ ತೆರೆಯಬೇಡಿ. ನನ್ನ ಗೆಳೆಯನೊಬ್ಬ ಬಾಯಿಮಾತು ನಂಬಿ ಇಡೀ ಕಾಂಪೌಂಡ್ ಬರೆದುಕೊಟ್ಟ. ಹೇಳಿದ ಅಧಿಕಾರಿ ವರ್ಗವಾಗಿ ಹೋದರು, ಬಿಲ್ ಅಲ್ಲೇ ನಿಂತಿತು. ಅವನ ಕೆಲಸ ಚೆನ್ನಾಗಿತ್ತು, ಆದರೂ ಕಾಗದವಿಲ್ಲದೆ ಯಾರೂ ಸಹಿ ಹಾಕಲಿಲ್ಲ. ಈಗಲೂ ಆ ದಾರಿಯಲ್ಲಿ ಹೋದರೆ ನನಗೆ ಹೊಟ್ಟೆ ಉರಿಯುತ್ತದೆ. ಕೆಲಸ ಮುಗಿದ ದಿನವೇ ಎಂಜಿನಿಯರ್ ಬಂದು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುವಂತೆ ನೋಡಿಕೊಳ್ಳಿ. ಪ್ಯಾನ್ ಕಾರ್ಡ್ ಕೊಡದಿದ್ದರೆ ತೆರಿಗೆ ಅಂತ ಶೇ 20 ಹಿಡಿಯಬಹುದು.

ಗೋಡೆ ಬೇಡ, ಪ್ರದರ್ಶನ ಮಾಡಬೇಕು ಎನ್ನುವವರಿಗೆ ಪಾಲಿಕೆ ಸರಿಯಾದ ಜಾಗವಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಚಿತ್ರಕಲೆ, ಶಿಲ್ಪಕಲೆ ಪ್ರದರ್ಶನಕ್ಕೆ ಧನಸಹಾಯ ಕೊಡುತ್ತದೆ. ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ. ಜಿಲ್ಲೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಕೊಟ್ಟಿರಿ.

ಪಾಲಿಕೆಗಳು ಏಪ್ರಿಲ್‌ಗೆ ಮುಂಚೆ ಬಜೆಟ್ ಮಂಡಿಸುತ್ತವೆ. ಅದಕ್ಕೂ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯುತ್ತಾರೆ. ಅಲ್ಲಿಗೆ ವ್ಯಾಪಾರಿಗಳು ಬರುತ್ತಾರೆ, ಬಡಾವಣೆ ಸಂಘದವರು ಬರುತ್ತಾರೆ. ನಾವೂ ನಾಲ್ಕು ಜನ ಕಲಾವಿದರು ಹೋಗಿ, ಊರಿನ ಗೋಡೆಗಳಿಗೆ ಊರಿನ ಕಲಾವಿದರು ಅಂತ ಒಂದು ಬಾಬ್ತು ಇಡಿ ಎಂದು ಬರೆದುಕೊಡೋಣ. ಪ್ರತಿಗೆ ಸೀಲು ಹಾಕಿಸಿಕೊಂಡೇ ಬರೋಣ.