2,990 ಪೌಂಡ್ ಟ್ರೇಲರ್‌ಗೆ ಬ್ರೇಕ್: ಟಕೋಮಾ ಕೆಲಸ ಎಲ್ಲಿಗೆ ಬಂತು

ನನ್ನ ಟೊಯೊಟಾ ಟಕೋಮಾ ಪಿಕಪ್ಪು ಮತ್ತು ಅದರ ಟ್ರೇಲರ್‌ನ ಬ್ರೇಕ್ ಕೆಲಸ ಒಂದು ಹಂತಕ್ಕೆ ಬಂದಿದೆ. ಕೇಳುತ್ತಿದ್ದವರಿಗಾಗಿ ಇಲ್ಲಿವರೆಗಿನದ್ದು ಬರೆದಿಡುತ್ತೇನೆ.

ಗಾಡಿ 2006ರ ಮಾಡೆಲ್, ನಾಲ್ಕು ಲೀಟರಿನ ವಿ6, ಆಟೋಮ್ಯಾಟಿಕ್. ಮುಂದೆ 319 ಮಿ.ಮೀ. ಡಿಸ್ಕು, ಅದನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್. ಹಿಂದೆ 10 ಇಂಚಿನ ಡ್ರಮ್ಮು. ಎಳೆಯುವುದು ಒಂದೇ ಆಕ್ಸಲ್ಲಿನ ತೆರೆದ ಟ್ರೇಲರ್. ಹಳೆಯ ಬೈಕು, ಮೆಷಿನ್ನು ಎಲ್ಲಿ ಅಗ್ಗಕ್ಕೆ ಸಿಕ್ಕರೂ ಹೋಗಿ ತರುವ ಚಟ ನನ್ನದು. ಖಾಲಿ ಇದ್ದಾಗ ಹಿಂದೊಂದು ಟ್ರೇಲರ್ ಇದೆ ಅನ್ನುವುದೇ ಮರೆತುಹೋಗುತ್ತದೆ. ತುಂಬಿಕೊಂಡು ಲಾಸ್ ಏಂಜಲಿಸ್ ಕಡೆಯಿಂದ ಸ್ಯಾಕ್ರಮೆಂಟೊಗೆ ಬರುವಾಗ, ಐ-5 ಹೈವೇಯ ಗ್ರೇಪ್‌ವೈನ್ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಯಿತು, ಕೆಳಗೆ ನಿಲ್ಲಿಸಿದರೆ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಗಾಡಿಯದೇನೂ ತಪ್ಪಿಲ್ಲ. ಅದಕ್ಕೆ ಒಪ್ಪಿಸಿದ ಕೆಲಸವೇ ಹೆಚ್ಚಾಗಿತ್ತು.

ದೊಡ್ಡ ಡಿಸ್ಕು, ಆರು ಪಿಸ್ಟನ್ನಿನ ಕಿಟ್ ಹಾಕಿಸು ಅನ್ನುವುದು ಎಲ್ಲರೂ ಕೊಟ್ಟ ಮೊದಲ ಸಲಹೆ. ನೋಡಲು ಚೆಂದ, ಆಸೆಯೂ ಆಯಿತು. ಆದರೆ ದುಡ್ಡು ಬಿಚ್ಚುವ ಮೊದಲು ಸ್ವಲ್ಪ ಲೆಕ್ಕ ಹಾಕಿದೆ. ಜೋರಾಗಿ ಬ್ರೇಕ್ ಒತ್ತಿದರೆ ಈಗಲೇ ಎಬಿಎಸ್ (ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತದೆ. ಅಂದರೆ ಟೈರಿಗೆ ರಸ್ತೆಯ ಮೇಲೆ ಇರುವ ಹಿಡಿತವನ್ನೆಲ್ಲ ಕಂಪನಿ ಬ್ರೇಕೇ ಬಳಸಿ ಮುಗಿಸುತ್ತಿದೆ. ಡಿಸ್ಕು ಎಷ್ಟೇ ದೊಡ್ಡದಾದರೂ ಟೈರಿಗೆ ಹೊಸ ಹಿಡಿತ ಬರುವುದಿಲ್ಲ. ಜನ ತುಂಬಿದ ಪಿಕಪ್ಪು ಸುಮಾರು 2,050 ಕೆ.ಜಿ., ತುಂಬಿದ ಟ್ರೇಲರ್ 1,350 ಕೆ.ಜಿ., ಒಟ್ಟು 3,400. ಟ್ರೇಲರ್ ಮೂತಿಯ ಭಾರ ಸೇರಿಸಿಕೊಂಡರೂ ಪಿಕಪ್ಪಿನ ನಾಲ್ಕು ಟೈರಿನ ಮೇಲೆ ಕೂರುವುದು 2,200 ಚಿಲ್ಲರೆ ಕೆ.ಜಿ. ಅಷ್ಟರ ಹಿಡಿತದಲ್ಲಿ 3,400 ಕೆ.ಜಿ.ಯನ್ನು ನಿಲ್ಲಿಸಬೇಕು. ಜಗತ್ತಿನ ಅತ್ಯುತ್ತಮ ಕ್ಯಾಲಿಪರ್ ತಂದು ಕೂರಿಸಿದರೂ ನಿಲ್ಲುವ ಶಕ್ತಿ ಸುಮಾರು ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ, ನಿಲ್ಲುವ ದೂರ ಒಂದೂವರೆ ಪಟ್ಟಾಗುತ್ತದೆ. ಅತ್ತ ಟ್ರೇಲರ್‌ನ ಎರಡು ಟೈರು ಸುಮ್ಮನೆ ಉರುಳುತ್ತಿವೆ.

ಇನ್ನು ಬಿಸಿಯ ವಿಷಯ. ಗಂಟೆಗೆ 55 ಮೈಲಿ ವೇಗದಿಂದ (ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಅದೇ ಮಿತಿ) ಈ 3,400 ಕೆ.ಜಿ.ಯನ್ನು ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು ಹತ್ತು ಲಕ್ಷ ಜೌಲ್. ಗ್ರೇಪ್‌ವೈನ್‌ನಲ್ಲಿ ಶೇ. 6ರ ಇಳಿಜಾರು ಸುಮಾರು 5 ಮೈಲಿ ಇದೆ, ಅಂದರೆ 480 ಮೀಟರ್ ಇಳಿತ. ಅಲ್ಲಿ ಕಳೆಯಬೇಕಾದದ್ದು ಒಂದು ಕೋಟಿ ಅರವತ್ತು ಲಕ್ಷ ಜೌಲ್. ಗಾಳಿ ಮತ್ತು ಎಂಜಿನ್ ಒಂದಷ್ಟು ತೆಗೆದುಕೊಳ್ಳುತ್ತವೆ, ಉಳಿದದ್ದೆಲ್ಲ ಬ್ರೇಕಿಗೆ. ದೊಡ್ಡ ಡಿಸ್ಕು ನೆರವಾಗುವುದು ಇಲ್ಲಿ, ಅದಕ್ಕೆ ಹೆಚ್ಚು ಶಾಖ ನುಂಗುವ ಕಬ್ಬಿಣ ಇರುತ್ತದೆ. ಆದರೆ ಅದೇ ದುಡ್ಡಿಗಿಂತ ಕಡಿಮೆಯಲ್ಲಿ ಟ್ರೇಲರ್‌ಗೇ ಎರಡು ಡ್ರಮ್ಮು ಹಾಕಿದರೆ ಶಾಖವೂ ಹಂಚಿಹೋಗುತ್ತದೆ, ಸುಮ್ಮನಿದ್ದ ಟೈರುಗಳೂ ದುಡಿಯುತ್ತವೆ. ಕಿಟ್ಟಿನ ಆಸೆ ಅಲ್ಲಿಗೆ ಬಿಟ್ಟೆ.

ಇಷ್ಟು ಭಾರ ಹೊರುವ ಟ್ರೇಲರ್‌ಗೆ ಮೊದಲೇ ಬ್ರೇಕ್ ಯಾಕಿಲ್ಲ ಅಂದರೆ, ಕ್ಯಾಲಿಫೋರ್ನಿಯಾದಲ್ಲಿ ಸಾಮಾನು ಹೊರುವ ಟ್ರೇಲರ್‌ಗೆ ಬ್ರೇಕ್ ಕಡ್ಡಾಯವಾಗುವುದು ಒಟ್ಟು ತೂಕ (ಟ್ರೇಲರೂ ಸಾಮಾನೂ ಸೇರಿ) 3,000 ಪೌಂಡಿನಿಂದ. ಅದಕ್ಕೇ ಇಲ್ಲಿನ ಅಂಗಡಿಗಳಲ್ಲಿ ಟ್ರೇಲರ್‌ಗಳು ಸಾಲಾಗಿ 2,990 ಪೌಂಡ್ ಅನ್ನುವ ಫಲಕ ಹೊತ್ತು ನಿಂತಿರುತ್ತವೆ. ಅಡಿಯಲ್ಲಿರುವ ಆಕ್ಸಲ್ ಮಾತ್ರ 3,500 ಪೌಂಡಿನದು. ಹತ್ತು ಪೌಂಡಿನಲ್ಲಿ ಕಾನೂನು ದಾಟಿಕೊಳ್ಳುವ ಈ ಜಾಣತನ ನನಗೆ ಹಿಡಿಸುವುದಿಲ್ಲ. ನಮ್ಮ ಮಂಡ್ಯದ ಕಡೆ ಎರಡೆರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಬರುವ ಟ್ರಾಕ್ಟರನ್ನು ಬಯ್ದುಕೊಳ್ಳುತ್ತಿದ್ದ ನಾನು ಇಲ್ಲಿ ಮಾಡುತ್ತಿದ್ದದ್ದೂ ಹೆಚ್ಚುಕಮ್ಮಿ ಅದೇ, ರಸ್ತೆ ಮಾತ್ರ ನುಣ್ಣಗಿತ್ತು.

ಮೊದಲು ಪಿಕಪ್ಪಿನ ಕೆಲಸ ಮುಗಿಸಿದೆ. ಈ ಕ್ಯಾಲಿಪರ್‌ನಲ್ಲಿ ಪ್ಯಾಡ್ ಬದಲಿಸುವುದು ಸುಲಭ. ಕ್ಲಿಪ್ಪು ತೆಗೆದು ಎರಡು ಪಿನ್ನು ಎಳೆದರೆ ಹಿಂದಿನಿಂದ ಜಾರಿ ಬರುತ್ತದೆ, ಕ್ಯಾಲಿಪರ್ ಬಿಚ್ಚಬೇಕಿಲ್ಲ. ಪ್ಯಾಡಿನ ಅಂಚಿನಲ್ಲಿ ಅಚ್ಚಾಗಿರುವ ಎರಡು ಅಕ್ಷರ ನೋಡಿಯೇ ಖರೀದಿಸಿ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಕಾದಾಗಿನದು. 'ಇ' ಅಂದರೆ ಘರ್ಷಣೆಯ ಅಂಕ 0.25ರಿಂದ 0.35, 'ಎಫ್' ಅಂದರೆ 0.35ರಿಂದ 0.45, 'ಜಿ' ಅದಕ್ಕೂ ಮೇಲೆ. ಹಿಂದಿನ ಮಾಲೀಕರು ಹಾಕಿಸಿದ್ದ ಪ್ಯಾಡಿನ ಮೇಲೆ 'ಎಫ್ಇ' ಎಂದಿತ್ತು, ಕಾದರೆ ಹಿಡಿತ ಇಳಿಯುವ ಜಾತಿ. ಹೊಸದು 'ಎಫ್ಎಫ್'.

ಬ್ರೇಕ್ ಆಯಿಲ್ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಇದು ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು, ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ ಅವೇ ಅಂಕಿಗಳು 230 ಮತ್ತು 155. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ, ಗುಳ್ಳೆ ಇದ್ದರೆ ಮೆತ್ತನೆಯ ಪೆಡಲ್. ಡಾಟ್ 4 ತುಂಬಿ ನಾಲ್ಕೂ ಚಕ್ರದಲ್ಲಿ ಏರ್ ತೆಗೆದೆವು. ಪೆಡಲ್ ಮೇಲೆ ಹೆಂಡತಿ, ಗಾಡಿಯಡಿ ನಾನು.

"ಒತ್ತು."
"ಒತ್ತಿದೀನಿ ರೀ."
"ಬಿಡಬೇಡ... ಹಾಂ, ಈಗ ಬಿಡು."
"ಇದನ್ನ ಇನ್ನೂ ಎಷ್ಟು ಸಲ ಅನ್ನಿಸ್ತೀರಿ?"

ಹಿಂದಿನ ಡ್ರಮ್ಮುಗಳ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಪಟ್ಟಿಗಳು) ಸಡಿಲವಿದ್ದವು. ಹಿಂಬದಿಯ ರಬ್ಬರ್ ಮುಚ್ಚಳ ತೆಗೆದು ಸ್ಕ್ರೂಡ್ರೈವರ್‌ನಲ್ಲಿ ಹಲ್ಲಿನ ಚಕ್ರ ತಿರುಗಿಸಿ ಬಿಗಿ ಮಾಡಿದೆ. ಪೆಡಲ್ ಒಂದು ಬೆರಳಿನಷ್ಟು ಮೇಲೆ ಬಂತು. ಪುಕ್ಕಟೆ ಕೆಲಸ, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು.

ಟ್ರೇಲರ್ ಕಡೆ ಬಂದರೆ, ಆಕ್ಸಲ್ ತುದಿಯಲ್ಲಿ, ಹಬ್ಬಿನ (ಚಕ್ರ ಕೂರುವ ಭಾಗದ) ಹಿಂದೆ, ಬ್ರೇಕ್ ಪ್ಲೇಟನ್ನು ಬೋಲ್ಟ್ ಮಾಡುವ ನಾಲ್ಕು ತೂತಿನ ಚೌಕದ ಫ್ಲ್ಯಾಂಜ್ ಬೆಸುಗೆಯಾಗಿದೆಯೇ ಅನ್ನುವುದನ್ನು ಮೊದಲು ನೋಡಬೇಕು. ನನ್ನದರಲ್ಲಿ ಇತ್ತು. ಇಲ್ಲದಿದ್ದರೆ ಇಡೀ ಆಕ್ಸಲ್ ಬದಲಿಸುವುದೇ ಮೇಲು, ಮನೆಯ ವೆಲ್ಡಿಂಗಿನಲ್ಲಿ ಆಡುವ ಜಾಗವಲ್ಲ ಅದು. 10 ಇಂಚು ವ್ಯಾಸ, ಎರಡೂಕಾಲು ಇಂಚು ಅಗಲದ ಎಲೆಕ್ಟ್ರಿಕ್ ಬ್ರೇಕ್ ಜೋಡಿ ತಂದೆ. ಪ್ಲೇಟು, ಶೂ, ಸ್ಪ್ರಿಂಗು ಎಲ್ಲ ಜೋಡಿಸಿಯೇ ಬರುತ್ತದೆ. ಒಳಗೊಂದು ವಿದ್ಯುತ್ ಅಯಸ್ಕಾಂತ. ಕರೆಂಟು ಹರಿದಾಗ ಅದು ತಿರುಗುವ ಡ್ರಮ್ಮಿನ ಒಳಮುಖಕ್ಕೆ ಅಂಟುತ್ತದೆ, ಡ್ರಮ್ಮು ಅದನ್ನು ತನ್ನ ಜತೆ ಎಳೆಯುತ್ತದೆ, ಅದಕ್ಕೆ ಕಟ್ಟಿದ ಲಿವರ್ ಶೂಗಳನ್ನು ಅಗಲಿಸುತ್ತದೆ. ಒತ್ತುವ ಬಲ ಬರುವುದು ಚಕ್ರದ ತಿರುಗಾಟದಿಂದಲೇ, ಕರೆಂಟು ಬರೀ ಚಾಲನೆ ಕೊಡುತ್ತದೆ. ಎಡ ಬಲ ಬೇರೆ ಬೇರೆ. ಚಿಕ್ಕ ಲೈನರಿನ ಶೂ ಮುಂದಕ್ಕೆ ಬರಬೇಕು.

ಹಳೆಯ ಹಬ್ ಹೋಗಿ ಹಬ್ಬೂ ಡ್ರಮ್ಮೂ ಒಂದೇ ಆಗಿರುವುದು ಬಂತು. ಬೇರಿಂಗು ಒಳಗೆ ಎಲ್ 68149, ಹೊರಗೆ ಎಲ್ 44649, ಈ ಆಕ್ಸಲ್‌ಗೆ ಎಲ್ಲೆಡೆ ಸಿಗುವ ನಂಬರುಗಳು. ಅಂಗೈಯಲ್ಲಿ ಗ್ರೀಸು ಹಾಕಿಕೊಂಡು ರೋಲರುಗಳ ಸಂದಿಯಿಂದ ಉಕ್ಕುವವರೆಗೆ ಒತ್ತಿ ತುಂಬಿದೆ. ಶೂ ಅಡ್ಜಸ್ಟ್‌ಮೆಂಟನ್ನು ಚಕ್ರ ತಿರುಗದಷ್ಟು ಬಿಗಿ ಮಾಡಿ, ಸಣ್ಣಗೆ ಉಜ್ಜುವ ಸದ್ದು ಉಳಿಯುವವರೆಗೆ ಸಡಿಲಿಸುವುದು.

ವೈರಿಂಗ್ ಹೆಚ್ಚು ಸಮಯ ತಿಂದಿತು. ಗಾಡಿಯಲ್ಲಿದ್ದದ್ದು ನಾಲ್ಕು ತಂತಿಯ ಪ್ಲಗ್ಗು, ಲೈಟಿಗಷ್ಟೇ ಸಾಕು. ಬ್ರೇಕಿಗೆ ಏಳು ಪಿನ್ನಿನದು ಬೇಕು. ಕಂಟ್ರೋಲರ್ ಟೆಕೊನ್ಶಾ ಪ್ರಾಡಿಜಿ ಪಿ3. ಪಿಕಪ್ಪು ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಅನ್ನುವುದನ್ನು ಅದೇ ಅಳೆದು ಟ್ರೇಲರ್‌ಗೆ ಅಷ್ಟೇ ಕರೆಂಟು ಕಳಿಸುತ್ತದೆ. ಕಪ್ಪು ತಂತಿ ಸರ್ಕ್ಯೂಟ್ ಬ್ರೇಕರ್ ಮೂಲಕ ಬ್ಯಾಟರಿಯ ಪ್ಲಸ್ಸಿಗೆ, ಬಿಳಿ ಮೈನಸ್ಸಿಗೆ, ಕೆಂಪು ಬ್ರೇಕ್ ಲೈಟ್ ಸ್ವಿಚ್ಚಿಗೆ, ನೀಲಿ ಹಿಂದಕ್ಕೆ, ಟ್ರೇಲರ್ ಬ್ರೇಕಿಗೆ. ನೀಲಿಯನ್ನು ಸೈಲೆನ್ಸರ್ ಪೈಪಿನಿಂದ ದೂರಕ್ಕೆ, ಚಾಸಿಯ ಇನ್ನೊಂದು ಬದಿಯಿಂದ ಒಯ್ದೆ. ಟ್ರೇಲರ್‌ನಲ್ಲಿ ಅರ್ಥಿಂಗಿಗೂ ಪ್ರತ್ಯೇಕ ತಂತಿ ಎಳೆಯಿರಿ. ಟ್ರೇಲರ್ ಸಿಕ್ಕಿಸುವ ಹಿಚ್ಚಿನ ಗುಂಡಿನ ಮೂಲಕ ಹರಿಯುತ್ತದೆ ಅಂತ ನಂಬಿ ಕೂರಬೇಡಿ, ಗ್ರೀಸು ತುಕ್ಕು ಇದ್ದಲ್ಲಿ ಅದು ಬಂದರೆ ಬಂತು. ಒಂದೊಂದು ಅಯಸ್ಕಾಂತ ಸುಮಾರು 3 ಆಂಪಿಯರ್ ಎಳೆಯಬೇಕು. ನೀಲಿ ತಂತಿಗೆ ಮೀಟರ್ ಜೋಡಿಸಿ ಪೂರ್ತಿ ಬ್ರೇಕ್ ಕೊಟ್ಟಾಗ 6ರ ಹತ್ತಿರ ತೋರಿಸಿತು.

ಖಾಲಿ ಪಾರ್ಕಿಂಗ್ ಜಾಗದಲ್ಲಿ 25 ಮೈಲಿ ವೇಗದಲ್ಲಿ ಕಂಟ್ರೋಲರ್‌ನ ಕೈ ಲಿವರ್ ಮಾತ್ರ ಒತ್ತಿ, ಟ್ರೇಲರ್ ಚಕ್ರ ಜಾಮ್ ಆಗುವವರೆಗೆ ಶಕ್ತಿ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿದೆ. ತುಂಬಿದಾಗ ಒಂದು ಅಂಕ, ಖಾಲಿ ಇದ್ದಾಗ ಬೇರೆ. ಎರಡನ್ನೂ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ. ಟ್ರೇಲರ್ ಅತ್ತಿತ್ತ ಓಲಾಡತೊಡಗಿದರೆ ಪಿಕಪ್ಪಿನ ಬ್ರೇಕ್ ಮುಟ್ಟದೆ ಇದೇ ಲಿವರ್ ಒತ್ತಬೇಕು, ಹಿಂದಿನಿಂದ ಜಗ್ಗಿ ನೆಟ್ಟಗಾಗುತ್ತದೆ. ಈ ಒಂದು ಲಿವರ್‌ಗೇ ಇಡೀ ಖರ್ಚು ಸಾರ್ಥಕ ಅನ್ನುತ್ತೇನೆ.

ಮೊದಲ ಭಾರದ ಓಟ ರೀನೋದಿಂದ ಒಂದು ಹಳೆಯ ಲೇತ್ ತಂದದ್ದು. ಐ-80ರಲ್ಲಿ 7,239 ಅಡಿ ಎತ್ತರದ ಡಾನರ್ ಸಮ್ಮಿಟ್ ದಾಟಿ ಗೇರ್ ಇಳಿಸಿಕೊಂಡು ಬಂದೆ. ಗೋಲ್ಡ್ ರನ್ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಮುಂದಿನ ಡಿಸ್ಕು 150 ಡಿಗ್ರಿ ಆಸುಪಾಸು, ಟ್ರೇಲರ್‌ನ ಬಲ ಡ್ರಮ್ಮು 110, ಎಡದ್ದು 85. ಪೆಡಲ್ ಗಟ್ಟಿ. ಎಡ ಬಲದ ಈ ವ್ಯತ್ಯಾಸ ಮಾತ್ರ ನನಗೆ ಸರಿಕಾಣಲಿಲ್ಲ.

ಹೊಸ ಶೂ ಕೂತುಕೊಳ್ಳಲು 200 ಮೈಲಿ ಬೇಕು, ಆಮೇಲೆ ಇನ್ನೊಮ್ಮೆ ಅಡ್ಜಸ್ಟ್ ಮಾಡಬೇಕು. ಆ ದೂರ ಈಗ ಆಗಿದೆ. ಈ ಶನಿವಾರ ಎಡದ ಡ್ರಮ್ಮು ಬಿಚ್ಚಿ ಶೂ ನೋಡುವುದು, ಅದರ ಅರ್ಥಿಂಗ್ ಜೋಡಣೆಯ ಓಲ್ಟೇಜ್ ಅಳೆಯುವುದು. ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕಿಕೊಳ್ಳುವ ಸ್ವಿಚ್ಚು ಕೂರಿಸಿದ್ದೇನೆ. ಅದರ ಪುಟ್ಟ ಬ್ಯಾಟರಿಗೆ ಏಳು ಪಿನ್ನಿನ ಪ್ಲಗ್ಗಿನಿಂದ ಚಾರ್ಜಿಂಗ್ ತಂತಿ ಎಳೆಯುವುದು ಇನ್ನೂ ಬಾಕಿ. ಅಲ್ಲಿವರೆಗೆ ಹೊರಡುವ ಮುಂಚೆ ಪ್ರತಿ ಸಲ ಆ ಸ್ವಿಚ್ಚಿನ ಪಿನ್ನು ಎಳೆದು, ಚಕ್ರ ಜಾಮ್ ಆಗುತ್ತದೆಯೇ ನೋಡಿಕೊಂಡೇ ಹೊರಡುತ್ತಿದ್ದೇನೆ.