ತಿಂಗಳ ಹಿಂದೆ ಎಲ್ಲಿದ್ದಿರಿ?

ನಾನು ಮಂಗಳೂರಿನ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ನಾವು ಅದನ್ನು ಎಂಆರ್‌ಡಿ ಅಂತೇವೆ. ರೋಗಿ ಮನೆಗೆ ಹೋದ ಮೇಲೆ ಅವರ ಕೇಸ್ ಶೀಟ್ ನಮ್ಮ ಹತ್ತಿರ ಬರುತ್ತದೆ. ಹಾಳೆ ಜೋಡಿಸುವುದು, ಸಹಿ ಇಲ್ಲದ್ದನ್ನು ವಾರ್ಡಿಗೆ ವಾಪಸ್ ಕಳಿಸುವುದು, ಕಾಯಿಲೆಗೆ ಕೋಡ್ ಹಾಕುವುದು, ರ‍್ಯಾಕಿನಲ್ಲಿ ಇಡುವುದು. ಹನ್ನೊಂದು ವರ್ಷದಿಂದ ಇದೇ ಕೆಲಸ. ರೋಗಿಯ ಮುಖ ನೋಡುವ ಕೆಲಸ ಅಲ್ಲ ಇದು. ಹಾಳೆ ನೋಡುವ ಕೆಲಸ.

ಎರಡು ಮಳೆಗಾಲದ ಹಿಂದೆ ಎಂಡಿ ಓದುತ್ತಿದ್ದ ಡಾಕ್ಟರ್ ಒಬ್ಬರು ಬಂದರು. ಥೀಸಿಸ್‌ಗೆ ಅಕ್ಯೂಟ್ ಲಿವರ್ ಫೇಲ್ಯೂರ್ ಆದವರ ಪಟ್ಟಿ ಬೇಕಿತ್ತು. ಮೊದಲು ಲಿವರ್ ಚೆನ್ನಾಗಿಯೇ ಇದ್ದು, ಕೆಲವೇ ದಿನ ಅಥವಾ ವಾರಗಳಲ್ಲಿ ಪೂರ್ತಿ ಕೈಕೊಟ್ಟವರು. ಅವರ ವಯಸ್ಸೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ಊರಿನವರು, ಕಾರಣ ಏನು, ಎಷ್ಟು ಮಂದಿ ಉಳಿದರು, ಇಷ್ಟು ತಿಳಿಯಬೇಕು. ನಾನು ಕಂಪ್ಯೂಟರಿನಲ್ಲಿ ಕೆ72.0 ಅಂತ ಹೊಡೆದೆ. ಆ ಕಾಯಿಲೆಯ ಕೋಡ್ ಅದು. ಹತ್ತು ನಿಮಿಷದಲ್ಲಿ ಪಟ್ಟಿ ಪ್ರಿಂಟ್ ಆಯಿತು.

ಎರಡು ದಿನ ಬಿಟ್ಟು ಅವರು ವಾಪಸ್ ಬಂದರು. "ಅಣ್ಣ, ಇಷ್ಟೇ ಉಂಟಾ? ಹೋದ ಮಳೆಗಾಲದಲ್ಲಿ ಐಸಿಯುನಲ್ಲಿ ನಾನೊಬ್ಬಳೇ ಇದಕ್ಕಿಂತ ಜಾಸ್ತಿ ನೋಡಿದ್ದೇನೆ."

ಅವರು ಹೇಳಿದ್ದು ನಿಜ. ಪಟ್ಟಿಯಲ್ಲಿ ಇರಬೇಕಾದವರು ಇರಲಿಲ್ಲ. ಇರಬಾರದವರು ಇದ್ದರು. ವರ್ಷಗಟ್ಟಲೆ ಕುಡಿದು ಲಿವರ್ ಗಟ್ಟಿಯಾದವರಿಗೆ ಒಮ್ಮೆಲೇ ಜೋರಾದರೂ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅವಸರಕ್ಕೆ ಅದೇ ಹೆಸರು ಬರೆಯುತ್ತಾರೆ. ನಾವೂ ಅದೇ ಕೋಡ್ ಹಾಕುತ್ತೇವೆ. ಆದರೆ ಅದು ಬೇರೆ ಕಾಯಿಲೆ. ಇನ್ನು ನಿಜವಾದವರು ಎಲ್ಲಿ ಹೋದರು? ಕಾರಣ ಗೊತ್ತಾದ ಕೂಡಲೇ ಅವರ ಕೋಡ್ ಬದಲಾಗಿತ್ತು. ಹೆಪಟೈಟಿಸ್ ಎ ಮತ್ತು ಇ ಕೊಳಕು ನೀರು, ಊಟದಿಂದ ಬರುವ ಲಿವರ್ ವೈರಸ್‌ಗಳು. ಹೆಪಟೈಟಿಸ್ ಎ ಬಂದು ಕೋಮಾಕ್ಕೆ ಹೋದವರು ಬಿ15.0 ಅಡಿಯಲ್ಲಿ. ಹೆಪಟೈಟಿಸ್ ಇ ಆದವರು ಬಿ17.2ರಲ್ಲಿ. ಮಾತ್ರೆಯಿಂದ ಲಿವರ್ ಹೋದವರು ಕೆ71.1ರಲ್ಲಿ. ಇಲಿ ಪಾಷಾಣ ತಿಂದವರು ಟಿ60.4ರಲ್ಲಿ, ಅದೂ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸಿನ ಫೈಲ್ ಅಂತ ಬೀಗ ಹಾಕಿದ ಬೇರೆ ಕಪಾಟಿನಲ್ಲಿ. ಒಂದೇ ಕಾಯಿಲೆಯಿಂದ ಸತ್ತವರನ್ನು ನಾನೇ ಐದು ಕಡೆ ಹಂಚಿ ಇಟ್ಟಿದ್ದೆ.

ಆಮೇಲೆ ನಾವು ಕೋಡ್ ಬಿಟ್ಟು ಫೈಲ್ ಹಿಡಿದೆವು. ಮೇಡಂ ಮೂರು ವಿಷಯ ಬರೆದುಕೊಟ್ಟರು. ಮೊದಲಿನಿಂದ ಲಿವರ್ ಕಾಯಿಲೆ ಇರಬಾರದು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಐಎನ್‌ಆರ್ 1.5 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಅಂದರೆ ರಕ್ತ ಹೆಪ್ಪುಗಟ್ಟಲು ತಡ ಆಗುತ್ತಿರಬೇಕು. ಮಿದುಳಿಗೆ ಮಂಕು ಹಿಡಿದಿರಬೇಕು. ಮೂರನೆಯದೇ ಮುಖ್ಯ. ಕಾಮಾಲೆ ಸಾವಿರ ಜನಕ್ಕೆ ಬರುತ್ತದೆ, ಬಹುಪಾಲು ಜನ ತಾವಾಗಿಯೇ ಗುಣ ಆಗುತ್ತಾರೆ. ಮಂಕು ಹಿಡಿದರೆ ಕಥೆ ಬೇರೆ.

ಆ ಮಂಕನ್ನು ನಾನು ಒಂದು ಫೈಲಿನಲ್ಲಿ ಕಣ್ಣಾರೆ ಕಂಡೆ. ಡಿಗ್ರಿ ಓದುವ ಹುಡುಗನ ಫೈಲ್ ಅದು. ಅಡ್ಮಿಷನ್ ಫಾರ್ಮಿನಲ್ಲಿ ಅವನದೇ ಸಹಿ. ಇಂಗ್ಲಿಷ್ ಅಕ್ಷರ, ಕೆಳಗೆ ಉದ್ದಕ್ಕೆ ಗೆರೆ, ಕೊನೆಗೆ ಎರಡು ಚುಕ್ಕೆ. ಆ ವಯಸ್ಸಿನ ಹುಡುಗರು ನೋಟ್‌ಬುಕ್ಕಿನ ಹಿಂದೆ ಬರೆದು ಬರೆದು ಕಲಿತ ಹಾಗಿನ ಸಹಿ. ಮರುದಿನ ಸ್ಕ್ಯಾನಿಂಗ್ ಒಪ್ಪಿಗೆ ಪತ್ರದಲ್ಲಿ ಅದೇ ಸಹಿ ಗೆರೆ ಬಿಟ್ಟು ಕೆಳಗೆ ಜಾರಿತ್ತು. ಮೂರನೇ ದಿನದ ಹಾಳೆಯಲ್ಲಿ ಮೊದಲ ಅಕ್ಷರವೇ ಎರಡು ಸಲ ಬಂದಿತ್ತು, ಆಮೇಲೆ ಪೆನ್ನು ಎಳೆದ ಒಂದು ಗೀಟು. ಅದರ ಕೆಳಗೆ ಅಪ್ಪನ ಸಹಿ. ನರ್ಸ್ ನೋಟ್ಸ್‌ನಲ್ಲಿ ಆ ರಾತ್ರಿ ಬರೆದದ್ದು: ನಿದ್ದೆ ಇಲ್ಲ, ಹಗಲು ಮಲಗುತ್ತಾನೆ, ಕೇಳಿದ್ದಕ್ಕೆ ತಡವಾಗಿ ಉತ್ತರ. ಅದೇ ದಿನದ ಲ್ಯಾಬ್ ರಿಪೋರ್ಟಿನಲ್ಲಿ ಸಾವಿರಗಟ್ಟಲೆ ಇದ್ದ ಎಸ್‌ಜಿಪಿಟಿ, ಅಂದರೆ ಲಿವರಿನ ಜೀವಕೋಶ ಸಾಯುವಾಗ ರಕ್ತಕ್ಕೆ ಸೇರುವ ಅಂಶ, ಅರ್ಧಕ್ಕೆ ಇಳಿದಿತ್ತು. ಮನೆಯವರಿಗೆ ಸ್ವಲ್ಪ ಸಮಾಧಾನ ಆಗಿರಬೇಕು. ಆದರೆ ಐಎನ್‌ಆರ್ ಏರುತ್ತಿತ್ತು. ಸಾಯಲು ಇನ್ನು ಹೆಚ್ಚು ಜೀವಕೋಶ ಉಳಿಯದಿದ್ದಾಗಲೂ ಎಸ್‌ಜಿಪಿಟಿ ಇಳಿಯುತ್ತದೆ ಅಂತ ಮೇಡಂ ಹೇಳಿದರು. ಅಷ್ಟು ವರ್ಷ ಸಹಿ ಇದೆಯೋ ಇಲ್ಲವೋ ಅಂತ ಮಾತ್ರ ನೋಡಿದ್ದೆ. ಸಹಿ ಹೇಗಿದೆ ಅಂತ ಅವತ್ತೇ ಮೊದಲು ನೋಡಿದ್ದು.

ಇದು ಅಪರೂಪದ ಕಾಯಿಲೆ. ಮುಂದುವರಿದ ದೇಶಗಳಲ್ಲಿ 10 ಲಕ್ಷ ಜನರಲ್ಲಿ ವರ್ಷಕ್ಕೆ 10ಕ್ಕಿಂತ ಕಡಿಮೆ. ಅಮೆರಿಕದಂಥ ದೊಡ್ಡ ದೇಶದಲ್ಲಿ ವರ್ಷಕ್ಕೆ ಸುಮಾರು 2,000 ಮಂದಿ. ಅಲ್ಲಿ 1998ರಲ್ಲಿ ಹಲವು ಆಸ್ಪತ್ರೆಗಳು ಸೇರಿ ಲೆಕ್ಕ ಇಡಲು ಶುರು ಮಾಡಿದವು. ಒಂದೇ ಆಸ್ಪತ್ರೆಗೆ ಇಷ್ಟು ಅಪರೂಪದ ಕಾಯಿಲೆಯ ಲೆಕ್ಕ ಸಿಗುವುದಿಲ್ಲ ಅಲ್ವಾ? 2002ರಲ್ಲಿ 17 ಆಸ್ಪತ್ರೆಗಳ 308 ರೋಗಿಗಳ ವಿವರ ಹೊರಬಂತು. ಶೇ. 73 ಹೆಂಗಸರು. ಅರ್ಧದಷ್ಟು ಜನ 38 ವರ್ಷದೊಳಗಿನವರು. ಕಾರಣಗಳಲ್ಲಿ ಮೊದಲನೆಯದು ಪ್ಯಾರಸಿಟಮಾಲ್, ಶೇ. 39. ಇಂಗ್ಲೆಂಡಿನಲ್ಲೂ ಅದೇ ಮಾತ್ರೆಯ ಕಾಟ. ಅವರು 1998ರಲ್ಲಿ ಕಾನೂನು ತಂದು ಅಂಗಡಿಯಲ್ಲಿ ಒಂದು ಪ್ಯಾಕಿಗೆ 16, ಔಷಧಿ ಅಂಗಡಿಯಲ್ಲಿ 32 ಅಂತ ಮಿತಿ ಹಾಕಿದರು. ಸಾವು ಕಡಿಮೆ ಆಯಿತು. ಯಾರೋ ರೆಕಾರ್ಡ್ ರೂಮಿನಲ್ಲಿ ಕೂತು ಸರಿಯಾಗಿ ಎಣಿಸಿದ್ದರಿಂದ ಆದ ಕೆಲಸ ಅದು ಅಂತ ನನಗೆ ಅನಿಸುತ್ತದೆ.

ನಮ್ಮ ದೇಶದ ಚಿತ್ರ ಪೂರ್ತಿ ಬೇರೆ. ದೆಹಲಿಯ ಏಮ್ಸ್‌ನವರು 1987ರಿಂದ 1993ರ ನಡುವೆ ಬಂದ 423 ರೋಗಿಗಳನ್ನು ನೋಡಿದಾಗ ಬಹುಪಾಲು ಕಾರಣ ವೈರಸ್. ಪ್ಯಾರಸಿಟಮಾಲ್ ಹೆಸರಿಗೂ ಇಲ್ಲ ಅನ್ನಬಹುದು. ಮಾತ್ರೆಗಳಲ್ಲಿ ನಮ್ಮಲ್ಲಿ ಮುಂದಿರುವುದು ಟಿಬಿ ಔಷಧಿ. ಅದನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ಟಿಬಿ ಅದಕ್ಕಿಂತ ಕೆಟ್ಟದ್ದು. ಆದರೆ ಆ ಮಾತ್ರೆ ತಿನ್ನುವವರಿಗೆ ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿ ಆಗುವುದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು.

ನಮ್ಮ ಪಟ್ಟಿಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ವಿಳಾಸದ ಕಾಲಂ.

ಮಂಗಳೂರಿನ ಆಸ್ಪತ್ರೆಗೆ ಮಂಗಳೂರಿನವರು ಮಾತ್ರ ಬರುವುದಲ್ಲ. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡ, ಎಲ್ಲ ಕಡೆಯಿಂದ ಆಂಬುಲೆನ್ಸ್ ಬರುತ್ತದೆ. ಹಾಗಾಗಿ ನಮ್ಮ ಲೆಕ್ಕ ತೋರಿಸಿ ಮಂಗಳೂರಿನಲ್ಲಿ ಇಷ್ಟು ಕಾಯಿಲೆ ಉಂಟು ಅಂತ ಹೇಳಿದರೆ ತಪ್ಪು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಓದಲು ಬಂದ ಮಕ್ಕಳು ಕೌಂಟರಿನಲ್ಲಿ ಹಾಸ್ಟೆಲ್ ವಿಳಾಸ ಬರೆಸುತ್ತಾರೆ. ಕೆಲವರ ಅಪ್ಪ ಅಮ್ಮ ಬಂದು ಊರಿನ ವಿಳಾಸ ಬರೆಸುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಹೆಪಟೈಟಿಸ್ ಎ ವೈರಸ್ ಹೊಟ್ಟೆಗೆ ಹೋದ 15ರಿಂದ 50 ದಿನದ ಮೇಲೆ ಕಾಯಿಲೆ ಕಾಣಿಸುತ್ತದೆ, ಸರಾಸರಿ 28 ದಿನ. ಹೆಪಟೈಟಿಸ್ ಇ ಇನ್ನೂ ನಿಧಾನ, ಐದಾರು ವಾರ. ಹಾಗಾದರೆ ಇವತ್ತಿನ ವಿಳಾಸ ಇಟ್ಟುಕೊಂಡು ಏನು ಮಾಡುವುದು? ತಿಂಗಳ ಹಿಂದೆ ಎಲ್ಲಿದ್ದಿರಿ, ಯಾವ ನೀರು ಕುಡಿದಿರಿ, ಅದು ಬೇಕು. ರಜೆಗೆ ಊರಿಗೆ ಹೋಗಿದ್ದರಾ? ಮೆಹಂದಿಗೆ, ಮದುವೆಗೆ ಹೋಗಿ ಐಸ್ ಹಾಕಿದ ಜ್ಯೂಸ್ ಕುಡಿದರಾ? ಹಾಸ್ಟೆಲಿನ ಬಾವಿ ಮಳೆಗೆ ತುಂಬಿತ್ತಾ? ನಮ್ಮ ಕಡೆ ಕೆಂಪು ಮುರಕಲ್ಲಿನ ನೆಲ, ನೀರು ಬೇಗ ಇಳಿಯುತ್ತದೆ. ಬಾವಿಯೂ ಶೌಚದ ಗುಂಡಿಯೂ ಒಂದೇ ಕಾಂಪೌಂಡಿನಲ್ಲಿರುವ ಮನೆ ಎಷ್ಟಿಲ್ಲ? ಮನೆಗೆ ಬಂದವರಿಗೆ ಆಸರಿಗೆ, ಅಂದರೆ ಬಾಯಾರಿಕೆಗೆ, ಬೆಲ್ಲ ನೀರು ಕೊಡುವ ಊರು ನಮ್ಮದು. ಆ ನೀರು ಕುದಿಸಿದ್ದಾ ಅಂತ ಕೇಳಿದರೆ ಮನೆಯವರಿಗೆ ಬೇಜಾರು. ಆದರೂ ಕೇಳಬೇಕು.

ಮೊದಲೆಲ್ಲ ನಮ್ಮಲ್ಲಿ ಹೆಪಟೈಟಿಸ್ ಎ ಚಿಕ್ಕ ಮಕ್ಕಳಿಗೆ ಬಂದು ಹೋಗುತ್ತಿತ್ತು. 6 ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 70 ಮಂದಿಗೆ ಬಂದದ್ದೇ ಗೊತ್ತಾಗುವುದಿಲ್ಲ. ದೊಡ್ಡವರಲ್ಲಿ ಅಷ್ಟೇ ಪಾಲು ಜನರಿಗೆ ಕಾಮಾಲೆ ಆಗುತ್ತದೆ. ಈಗ ಮನೆಯಲ್ಲಿ ಶೌಚಾಲಯ ಉಂಟು, ಫಿಲ್ಟರ್ ನೀರು ಉಂಟು. ಒಳ್ಳೆಯದೇ. ಆದರೆ ಚಿಕ್ಕಂದಿನಲ್ಲಿ ವೈರಸ್ ಸಿಗದ ಮಕ್ಕಳು ಇಪ್ಪತ್ತನೇ ವಯಸ್ಸಿಗೆ ಮನೆ ಬಿಟ್ಟು ಹಾಸ್ಟೆಲಿಗೆ ಬರುತ್ತಾರೆ, ಮೊದಲ ಸಲ ಆಗ ಸಿಗುತ್ತದೆ. ಪಕ್ಕದ ಕೇರಳದಲ್ಲಿ 2024ರಲ್ಲಿ ಮಲಪ್ಪುರಂ, ಎರ್ನಾಕುಳಂ ಕಡೆ ಹಬ್ಬಿದಾಗ ದೊಡ್ಡವರೂ ತೀರಿಕೊಂಡರು. ಇದಕ್ಕೆ ಲಸಿಕೆ ಉಂಟು. ಸರ್ಕಾರದ ಉಚಿತ ಲಸಿಕೆಯ ಪಟ್ಟಿಯಲ್ಲಿ ಇಲ್ಲ, ಹೊರಗೆ ದುಡ್ಡು ಕೊಟ್ಟು ಹಾಕಿಸಬೇಕು. ಹಾಸ್ಟೆಲಿಗೆ ಕಳಿಸುವಾಗ ಬಕೆಟು, ಚಾಪೆ, ಮೊಬೈಲು ಎಲ್ಲ ಕೊಡಿಸುತ್ತೇವೆ. ಇದನ್ನೂ ಸೇರಿಸಿಕೊಳ್ಳಿ ಅಂತ ನನ್ನ ವಿನಂತಿ.

ಇನ್ನೊಂದು ರ‍್ಯಾಕ್ ನಾವು ಹುಡುಕಿಯೇ ಇರಲಿಲ್ಲ. ಹೆರಿಗೆ ವಾರ್ಡಿನದು. ಬಸುರಿಗೆ ವೈರಲ್ ಹೆಪಟೈಟಿಸ್ ಆದರೆ ಕೋಡ್ ಓ98.4, ಫೈಲ್ ಹೆರಿಗೆ ವಿಭಾಗದ ಲೆಕ್ಕಕ್ಕೆ. ಮೆಡಿಸಿನ್ ವಿಭಾಗದವರು ಪಟ್ಟಿ ಕೇಳಿದರೆ ಅದು ಬರುವುದೇ ಇಲ್ಲ. ಆದರೆ ಹೆಪಟೈಟಿಸ್ ಇ ಅತಿ ಕ್ರೂರ ಆಗುವುದು ಅವರಿಗೇ. ಕೊನೆಯ ಮೂರು ತಿಂಗಳಲ್ಲಿ ಬಂದರೆ 100ರಲ್ಲಿ 20ರಿಂದ 25 ತಾಯಂದಿರವರೆಗೆ ಸಾಯಬಹುದು. 1955-56ರಲ್ಲಿ ದೆಹಲಿಯಲ್ಲಿ ಯಮುನಾ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನಕ್ಕೆ ಕಾಮಾಲೆ ಆದಾಗ, ಬಸುರಿಯರು ಜಾಸ್ತಿ ಸತ್ತದ್ದನ್ನು ಆಗಿನವರು ಗಮನಿಸಿ ಬರೆದಿಟ್ಟರು. ವೈರಸ್ಸಿಗೆ ಹೆಸರೇ ಇಲ್ಲದ ಕಾಲ ಅದು. ತೆಗೆದಿಟ್ಟಿದ್ದ ರಕ್ತವನ್ನು ಎಷ್ಟೋ ವರ್ಷದ ಮೇಲೆ ಪರೀಕ್ಷೆ ಮಾಡಿ ಅದು ಹೆಪಟೈಟಿಸ್ ಇ ಅಂತ ಹೇಳಿದರು. ಹೆರಿಗೆ ವಾರ್ಡಿನ ಫೈಲ್ ತೆಗೆಸಿದ ದಿನ ಮೇಡಂ ಊಟಕ್ಕೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಪಟ್ಟಿಯಿಂದ ಕೈಬಿಟ್ಟ ಫೈಲೂ ಉಂಟು. ಮಳೆಗಾಲದಲ್ಲಿ ಗದ್ದೆ ಕೆಲಸದವರು ಜ್ವರ, ಹಳದಿ ಕಣ್ಣು, ಮಂಕು ಅಂತ ಬರುತ್ತಾರೆ. ಅದು ಇಲಿ ಜ್ವರ ಇರಬಹುದು, ಮಲೇರಿಯಾ ಇರಬಹುದು. ಇಲಿ ಜ್ವರದಲ್ಲಿ ಕಣ್ಣು ಎಷ್ಟೇ ಹಳದಿಯಾದರೂ ಐಎನ್‌ಆರ್ ಹೆಚ್ಚಿನವರಲ್ಲಿ ಅಷ್ಟು ಏರುವುದಿಲ್ಲ. ಚಿಕಿತ್ಸೆಯೇ ಬೇರೆ.

ಬೀಗ ಹಾಕಿದ ಕಪಾಟಿನ ಬಗ್ಗೆ ಒಂದೇ ಮಾತು. ಇಲಿ ಪೇಸ್ಟಿನಲ್ಲಿರುವ ಹಳದಿ ರಂಜಕದಿಂದ ದಕ್ಷಿಣ ಭಾರತದಲ್ಲಿ ತುಂಬಾ ಲಿವರ್ ಹೋಗುತ್ತಿವೆ. ತಮಿಳುನಾಡಿನ ಡಾಕ್ಟರುಗಳು ಎಣಿಸಿ ತೋರಿಸಿದ್ದಾರೆ. ಮೊದಲ ಒಂದೆರಡು ದಿನ ಮನುಷ್ಯ ಆರಾಮಾಗಿ ಓಡಾಡುತ್ತಾನೆ, ಮನೆಯವರು ಏನೂ ಆಗಲಿಲ್ಲ ಅಂತ ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಇರಬೇಡಿ, ಗೊತ್ತಾದ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಕರೆತನ್ನಿ. ಮನಸ್ಸಿಗೆ ತಡೆಯಲಾಗದಷ್ಟು ನೋವಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ದಿನ ಲೆಕ್ಕ ಹಾಕುವುದೂ ಸುಲಭ ಇರಲಿಲ್ಲ. ಕಣ್ಣು ಹಳದಿ ಆದ ದಿನಕ್ಕೂ ಮಂಕು ಹಿಡಿದ ದಿನಕ್ಕೂ ಎಷ್ಟು ಅಂತರ ಅನ್ನುವುದರ ಮೇಲೆ ರೋಗಿಯ ಮುಂದಿನ ದಾರಿ ನಿಂತಿದೆ. ನಮ್ಮ ದೇಶದಲ್ಲಿ ಇದನ್ನು 4 ವಾರದ ಒಳಗೆ ಅಂತ ಎಣಿಸುತ್ತಾರೆ, ಅಮೆರಿಕದಲ್ಲಿ 26 ವಾರದವರೆಗೆ ಒಪ್ಪುತ್ತಾರೆ. ಫೈಲಿನಲ್ಲಿ ಇರುವುದು ಅಡ್ಮಿಷನ್ ತಾರೀಕು ಮಾತ್ರ. ಮೇಡಂ ಹೊಸ ರೋಗಿಗಳ ಮನೆಯವರನ್ನು ಕೇಳಿದರೆ ಯಾರಿಗೂ ತಾರೀಕು ನೆನಪಿರುವುದಿಲ್ಲ. ಒಬ್ಬ ಅಮ್ಮ ಮಾತ್ರ ತಡವರಿಸದೆ ಹೇಳಿದರಂತೆ, "ಆಟಿ ಅಮಾವಾಸ್ಯೆ ಕಷಾಯ ಕುಡಿದ ಮೂರನೇ ದಿನ ಮೇಡಂ." ತುಳು ತಿಂಗಳು ಆಟಿಯ ಅಮಾವಾಸ್ಯೆಗೆ ನಮ್ಮ ಕಡೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಕಷಾಯಕ್ಕೂ ಕಾಯಿಲೆಗೂ ಸಂಬಂಧ ಇರಲಿಲ್ಲ, ಹುಡುಗಿಗೆ ಹೆಪಟೈಟಿಸ್ ಎ. ಆದರೆ ದಿನ ಸರಿಯಾಗಿ ಸಿಕ್ಕಿತು. ಅಲ್ಲಿಂದ ಅವರು ಚೌತಿಗೆ ಮೊದಲಾ, ಅಷ್ಟಮಿ ಆದ ಮೇಲಾ ಅಂತಲೇ ಕೇಳುತ್ತಿದ್ದರು.

ಕೊನೆಗೆ ಉಳಿದದ್ದು ಡಾಮಾ ಅಂತ ಮುದ್ರೆ ಬಿದ್ದ ಫೈಲುಗಳು. ಡಾಕ್ಟರು ಬೇಡ ಅಂದರೂ ಮನೆಗೆ ಕರೆದುಕೊಂಡು ಹೋದವರು. ವೆಂಟಿಲೇಟರಿನ ಖರ್ಚು, ಲಿವರ್ ಕಸಿಗೆ ದೂರದ ಊರು, ಇನ್ನು ಆಗದು ಅನ್ನುವ ಮಾತು. ನನ್ನ ಕಂಪ್ಯೂಟರಿನಲ್ಲಿ ಇವರು ಸತ್ತವರಲ್ಲ. ಬದುಕಿದವರೂ ಅಲ್ಲ. ಮೊದಲ ಪಟ್ಟಿಯಲ್ಲಿ ಸಾವಿನ ಲೆಕ್ಕ ಕಡಿಮೆ ಕಂಡದ್ದು ಇದರಿಂದಲೇ. ಮೇಡಂ ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಅನುಮತಿ ತೆಗೆದುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡಿದರು. ನಾನು ಪಕ್ಕದಲ್ಲಿ ಕೂತು ಬರೆದುಕೊಂಡೆ. ಅದೇ ರಾತ್ರಿ ದಾರಿಯಲ್ಲೇ ಹೋದರು ಅಂತ ಕೆಲವರು. ಒಂದು ಮನೆಯಲ್ಲಿ ಅಜ್ಜಿ ಫೋನ್ ಎತ್ತಿ ಏನೂ ಹೇಳದೆ ಅತ್ತರು.

ಪುತ್ತೂರು ಕಡೆಯ ಒಂದು ನಂಬರಿಗೆ ಮಾಡಿದಾಗ ಮೇಡಂ ಮೆತ್ತಗೆ ರೋಗಿಯ ಹೆಸರು ಹೇಳಿದರು. "ನಾನೇ ಮಾತಾಡುವುದು," ಅಂತ ಆ ಕಡೆಯಿಂದ. ಮೇಡಂ ನನ್ನ ಕಡೆ ತಿರುಗಿದರು, ಮಾತು ಬರಲಿಲ್ಲ ಅವರಿಗೆ. ಮನೆಗೆ ಹೋದ ಮೇಲೆ ನಿಧಾನಕ್ಕೆ ಚೇತರಿಸಿಕೊಂಡು ಈಗ ಅಡಿಕೆ ತೋಟದ ಕೆಲಸಕ್ಕೂ ಹೋಗುತ್ತಾರಂತೆ. ಈ ಕಾಯಿಲೆಯಿಂದ ಪಾರಾದವರ ಲಿವರ್ ಮತ್ತೆ ಮೊದಲಿನ ಹಾಗೆ ಬೆಳೆಯಬಹುದು. ಎಲ್ಲ ಕೇಳಿ ಮುಗಿದ ಮೇಲೆ ಅವರು ಒಂದು ಪ್ರಶ್ನೆ ಕೇಳಿದರು, "ನನ್ನ ತಂಗಿ ಬರುವ ವರ್ಷ ಹಾಸ್ಟೆಲಿಗೆ ಹೋಗ್ತಾಳೆ ಮೇಡಂ, ಅವಳಿಗೆ ಇಂಜೆಕ್ಷನ್ ಉಂಟಾ?"

ಈಗ ನಮ್ಮಲ್ಲಿ ಕಾಮಾಲೆಯವರ ಅಡ್ಮಿಷನ್ ಹಾಳೆಗೆ ಮೂರು ಕಾಲಂ ಸೇರಿವೆ. ಕಣ್ಣು ಹಳದಿ ಕಂಡ ದಿನ, ತಿಂಗಳ ಹಿಂದೆ ಇದ್ದ ಊರು, ಕುಡಿದ ನೀರು. ಕೋಡ್ ಹಾಕುವಾಗ ಕಾರಣದ ಕೋಡಿನ ಜೊತೆ ಕೆ72.0 ಕೂಡ ಹಾಕುತ್ತೇನೆ. ಡಾಮಾ ಫೈಲುಗಳಲ್ಲಿ ಕೆಲವರ ಫೋನ್ ಇನ್ನೂ ಹತ್ತುವುದಿಲ್ಲ. ಅವರ ಹೆಸರಿನ ಮುಂದೆ ಸತ್ತರು ಅಂತಲೂ ಬರೆದಿಲ್ಲ, ಉಳಿದರು ಅಂತಲೂ ಬರೆದಿಲ್ಲ. "ಗೊತ್ತಿಲ್ಲ" ಅಂತ ಬರೆದಿದ್ದೇನೆ.